ಹದಿನೇಳನೇ ಮೆಟ್ಟಿಲು

ಕೆಂಪು ಪೆನ್ನು ಸುತ್ತು ಹಾಕಿ ಮುಗಿಸಿದ ಮೇಲೆಯೇ ಲೆಕ್ಕದ ಟೀಚರ್‌ಗೆ ಎಚ್ಚರವಾದದ್ದು. ಅದು ಪರೀಕ್ಷೆಯ ಹಾಳೆಯಲ್ಲ, ಪೊಲೀಸರಿಗೆ ಹೋಗಬೇಕಾದ ಹೇಳಿಕೆ. ಇಪ್ಪತ್ತೆರಡು ವರ್ಷ ತಪ್ಪು ಕಂಡಲ್ಲೆಲ್ಲ ಸುತ್ತು ಹಾಕಿದ ಕೈ, ಯಜಮಾನಿಯನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಸಾಲದ್ದಕ್ಕೆ ಅಂಚಿನಲ್ಲಿ ಎರಡು ಪದ ಬೇರೆ: 'ನೋಡಿ ಬರೆದದ್ದು'.

ಹೇಳಿಕೆಗಳು ಎರಡು. ಒಂದು ಶಾಲೆಯ ವಾಚ್‌ಮನ್ ಕೈಯಾರೆ ಬರೆದದ್ದು. ಇನ್ನೊಂದು ಆಯಾಳದು, ಅವಳಿಗೆ ಬರೆಯಲು ಬಾರದ್ದರಿಂದ ಹೆಡ್‌ಮಾಸ್ಟರೇ ಬರೆದುಕೊಂಡಿದ್ದರು. ಶುಕ್ರವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಲೈಬ್ರರಿ ಮೇಷ್ಟ್ರು ಮಹಡಿಯ ಮೆಟ್ಟಿಲಿನಿಂದ ಉರುಳಿ ಬಿದ್ದು ತೀರಿಕೊಂಡಿದ್ದರು. ಕಣ್ಣಾರೆ ಕಂಡವರು ಇವರಿಬ್ಬರಂತೆ. "ನಿಮ್ಮ ಅಕ್ಷರ ದುಂಡಗಿದೆ, ಚೊಕ್ಕವಾಗಿ ಇನ್ನೊಂದು ಪ್ರತಿ ಮಾಡಿಕೊಡಿ ಟೀಚರ್. ಮೂರು ಗಂಟೆಗೆ ಸ್ಟೇಷನ್ನಿಂದ ಬರ್ತಾರೆ" ಎಂದು ಹೆಡ್‌ಮಾಸ್ಟರು ಬೆಳಿಗ್ಗೆ ಅವಳ ಮೇಜಿನ ಮೇಲೆ ಇಟ್ಟುಹೋಗಿದ್ದರು.

ಎರಡರಲ್ಲೂ ಒಂದೇ ಮಾತು. 'ನಾನು ಕೆಳಗಿನಿಂದ ನೋಡುತ್ತಿದ್ದೆ. ಮೇಷ್ಟ್ರು ಹದಿನೇಳನೇ ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದರು.' ನಿಜದ ತಲೆಯ ಮೇಲೆ ಹೊಡೆದಂಥ ಮಾತು! ಆದರೆ ಆ ಮೆಟ್ಟಿಲುಗಳನ್ನು ಮಂಡಿನೋವಿನ ಟೀಚರ್ ಎಣಿಸಿದಷ್ಟು ಸಲ ಇನ್ಯಾರೂ ಎಣಿಸಿರಲಿಲ್ಲ. ಇರುವುದೇ ಹದಿನಾರು.

ಸರಿ ಉತ್ತರ ಎಲ್ಲರದ್ದೂ ಒಂದೇ, ತಪ್ಪು ಮಾತ್ರ ಅವರವರದ್ದು ಎಂದು ಅವಳು ಹೊಸ ಟೀಚರುಗಳಿಗೆ ಹೇಳಿಕೊಡುತ್ತಿದ್ದಳು. ಇಬ್ಬರ ತಪ್ಪೂ ಒಂದೇ ಆದರೆ ಒಬ್ಬ ಇನ್ನೊಬ್ಬನದು ನೋಡಿ ಬರೆದಿದ್ದಾನೆ. ಇಲ್ಲವೇ, ಇಬ್ಬರಿಗೂ ಮೂರನೆಯವನೊಬ್ಬ ಹೇಳಿಕೊಟ್ಟಿದ್ದಾನೆ.

ಹಾಳೆಗಳನ್ನು ಹಾಗೇ ಬಿಟ್ಟು ಅವಳು ಹಿತ್ತಲಿಗೆ ಓಡಿದಳು. ಆಯಾ ನಲ್ಲಿಯ ಕೆಳಗೆ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಳು.

"ನಮ್ಮ ಮೆಟ್ಟಿಲು ಎಷ್ಟಿವೆ ಅಂತ ಎಣಿಸಿದ್ದೀಯೇನೇ?"

"ನಾನ್ಯಾಕೆ ಎಣಿಸ್ಲಿ ಅಕ್ಕಾ? ಎಷ್ಟಿದ್ರೂ ಗುಡಿಸೋಳು ನಾನೇ ಅಲ್ವಾ" ಎಂದು ಆಯಾ ನಕ್ಕಳು. ಟೀಚರ್ ನಗಲಿಲ್ಲ. ಆಯಾಳ ನಗುವೂ ಅಲ್ಲಿಗೇ ನಿಂತಿತು. "ದೊಡ್ಡ ಸಾರ್ ಬರೆದು ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ವಾಚ್‌ಮನ್ನಿಗೂ ನನ್ನೆದುರೇ ಹೇಳಿ ಬರೆಸಿದ್ರು. ನಾನು ಆಗ ಇಲ್ಲೇ ಇದ್ದೆ. ಏನೂ ನೋಡಿಲ್ಲ."

"ನೋಡದೇ ಇರೋದನ್ನ ನೋಡಿದೆ ಅಂತ ಒತ್ತಿದ್ಯಾ?"

"ಕೆಲಸ ಹೋದ್ರೆ ನೀವು ಕೊಡ್ತೀರಾ?" ಆಯಾ ಒದ್ದೆ ಕೈಯಲ್ಲೇ ಅವಳ ಸೆರಗು ಹಿಡಿದುಕೊಂಡಳು. "ನನ್ನ ಹೆಸರು ಎತ್ಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ."

ಟೀಚರ್‌ಗೆ ಶುಕ್ರವಾರದ ಮಧ್ಯಾಹ್ನ ನೆನಪಾಯಿತು. ಊಟದ ಡಬ್ಬಿ ಮುಚ್ಚುತ್ತ ಲೈಬ್ರರಿ ಮೇಷ್ಟ್ರು ಪಿಸುಗುಟ್ಟಿದ್ದರು: "ತಂಗ್ಯಮ್ಮಾ, ಹೋದ ವರ್ಷದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಯಾರೋ ಅಂಕ ತಿದ್ದಿದ್ದಾರೆ. ಆ ಬೀರುವಿನ ಬೀಗದಕೈ ನನ್ನ ಹತ್ರ ಒಂದು, ದೊಡ್ಡ ಸಾರ್ ಹತ್ರ ಒಂದು. ಸಂಜೆ ಅವರನ್ನೇ ಕೇಳ್ತೀನಿ." ಅವಳು ಮೊಸರನ್ನ ಕಲಸುತ್ತ, "ಕೇಳಿ, ಕೇಳಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ" ಎಂದು ತಮಾಷೆ ಮಾಡಿದ್ದಳು. ಆ ಗಾದೆ ಹೇಳಿ ಅವರನ್ನು ಸಾಯಲು ಕಳಿಸಿದ್ದೇ ತಾನು ಅನ್ನಿಸಿತು.

ಅಷ್ಟರಲ್ಲಿ ಕೆಂಪು ಸುತ್ತು ನೆನಪಾಯಿತು. ಅವಳು ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿಯಲ್ಲಿ ಹೆಡ್‌ಮಾಸ್ಟರು ಕೂತಿದ್ದರು. ಎರಡೂ ಹಾಳೆ ಅವರ ಕೈಯಲ್ಲಿದ್ದವು. ಊಟದ ಬಿಡುವು ಮುಗಿದು ಉಳಿದ ಟೀಚರುಗಳೆಲ್ಲ ತರಗತಿಗಳಿಗೆ ಹೋಗಿದ್ದರು.

"ಎಲ್ಲಿ ಹೋಗಿದ್ರಿ?"

"ನೀರು ಕುಡಿಯೋಕೆ ಸಾರ್."

"ಏನು ತಪ್ಪು ಕಂಡಿತು ಇದರಲ್ಲಿ?"

"ಏನಿಲ್ಲ ಸಾರ್. ಅಭ್ಯಾಸ. ಕೈ ತಪ್ಪಿ..."

"ನಿಮ್ಮ ಕೈ ತಪ್ಪೋದಿಲ್ಲ ಟೀಚರ್, ನನಗೆ ಗೊತ್ತಿಲ್ವಾ?" ಅವರು ಮೆತ್ತಗೆ ಎದ್ದರು. ಮಗಳ ಮದುವೆಗೆ ಕರೆಯುವವರ ಹಾಗೆ ಅಷ್ಟು ಮರ್ಯಾದೆಯ ಧ್ವನಿ. "ಅನುಮಾನ ಯಾಕೆ ಇಟ್ಕೋಬೇಕು? ಬನ್ನಿ, ಎಣಿಸಿಯೇ ಬಿಡೋಣ. ನೀವು ಮುಂದೆ ನಡೀರಿ. ಮೇಲಿನ ತನಕ."

ಅವಳು ನಡೆದಳು. ಬೆನ್ನ ಹಿಂದೆ ಬೂಟಿನ ಸದ್ದು ಅವಳ ಹೆಜ್ಜೆಗೆ ಸರಿಯಾಗಿ ಬೀಳುತ್ತಿತ್ತು. ಕೂಗಿದರೆ ಏನೆಂದು ಕೂಗುವುದು? ಒಂದು ಮೆಟ್ಟಿಲು ಹೆಚ್ಚಾಗಿದೆ ಅಂತಲೇ? ಮೊಗಸಾಲೆಯ ಕೊನೆಯಲ್ಲಿ ಮೆಟ್ಟಿಲು ಕಾಣಿಸಿತು. ಕೆಳಗಿನ ನೆಲವನ್ನು ಆಯಾ ಎಷ್ಟು ತಿಕ್ಕಿದ್ದಳೋ, ಅಲ್ಲಿ ಮಾತ್ರ ಸಿಮೆಂಟು ಬೆಳ್ಳಗಿತ್ತು.

ಮೆಟ್ಟಿಲಿಗೆ ಮುಂಚೆ ಐದನೇ ತರಗತಿ. ಅವಳದೇ ಪಿರಿಯಡ್ಡು, ಟೀಚರಿಲ್ಲದ ತರಗತಿ ಸಂತೆಯಾಗಿತ್ತು. ಬೇರೆ ದಿನವಾದರೆ ಬೆತ್ತ ಕುಟ್ಟುತ್ತಿದ್ದಳು. ಇವತ್ತು ಆ ಗಲಾಟೆ ಕಿವಿಗೆ ಬಿದ್ದದ್ದೇ ಹೋದ ಜೀವ ಬಂದಂತಾಗಿ, ಬಾಗಿಲನ್ನು ಎರಡೂ ಕೈಯಿಂದ ನೂಕಿದಳು.

"ಎಲ್ಲರೂ ಎದ್ದು ಬನ್ನಿ. ಇವತ್ತು ಲೆಕ್ಕ ಮೆಟ್ಟಿಲ ಮೇಲೆ!"

ನಲವತ್ತು ಮಕ್ಕಳು ಹೋ ಎಂದು ಹೊರಗೆ ನುಗ್ಗಿದರು. ಹೆಡ್‌ಮಾಸ್ಟರು ಗೋಡೆಗೆ ಸರಿದರು. "ಮಕ್ಕಳ್ಯಾಕೆ ಟೀಚರ್?"

"ಎಣಿಸೋಕೆ ಸಾರ್." ಮಕ್ಕಳ ಮರೆಯಲ್ಲಿ ನಿಂತೆನಲ್ಲ ಎಂದು ನಾಚಿಕೆಯಾಯಿತು. ಆದರೂ ಹತ್ತಿರದ ಹುಡುಗಿಯ ಕೈ ಬಿಡಲಿಲ್ಲ.

"ಒಂದು! ಎರಡು! ಮೂರು!" ಮಹಡಿಯೇ ಕಿತ್ತುಹೋಗುವ ಹಾಗೆ ಕೂಗುತ್ತ ಮಕ್ಕಳು ಹತ್ತಿದರು. ನೋಯುವ ಮಂಡಿ ಎಳೆದುಕೊಂಡು ಅವಳು ಅವರ ನಡುವೆ ಹತ್ತಿದಳು. ಅಕ್ಕಪಕ್ಕದ ತರಗತಿಗಳ ಟೀಚರುಗಳು ಇದೇನೆಂದು ಬಾಗಿಲಿಗೆ ಬಂದು ನಿಂತರು. "ಹದಿನೈದು! ಹದಿನಾರು!" ಅಲ್ಲಿಗೆ ಕೂಗು ನಿಂತಿತು.

"ಮುಗೀತು ಮಿಸ್. ಇನ್ನಿಲ್ಲ."

"ಇಲ್ಲೇ ಕೂತ್ಕೊಳ್ಳಿ" ಎಂದಳು ಅವಳು. "ಒಂದೊಂದು ಮೆಟ್ಟಿಲಿಗೂ ಕೂತ್ಕೊಳ್ಳಿ, ಜಾಗ ಬಿಡಬೇಡಿ. ಮೂರು ಗಂಟೆ ತನಕ ಯಾರೂ ಏಳಬಾರದು. ಎಲ್ಲಿ, ಹದಿನಾರರ ಮಗ್ಗಿ ಶುರು ಮಾಡಿ."

"ಹದಿನಾರೊಂದ್ಲಿ ಹದಿನಾರು!"

ಎಲ್ಲಕ್ಕಿಂತ ಮೇಲೆ ಅವಳೂ ಕುಸಿದು ಕೂತಳು. ಮಕ್ಕಳ ತಲೆಗಳಾಚೆ, ಕೆಳಗೆ, ಹೆಡ್‌ಮಾಸ್ಟರು ಆ ಎರಡು ಹಾಳೆಗಳನ್ನು ಮಡಚುತ್ತಿದ್ದರು. ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ. ಬೆಂಕಿಪೊಟ್ಟಣದಷ್ಟಾದ ಮೇಲೂ ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದರು. ಕಾಗದ ಇನ್ನು ಬಗ್ಗುತ್ತಿರಲಿಲ್ಲ.