ಹಕ್ಕಿ ಬಿಟ್ರ ಬ್ಯಾರೆ ಇಲ್ಲ

ನನ್ನ ಬ್ಲಾಗಿನ್ಯಾಗ ಮಾಗಡಿ ಕೆರಿ ಹಕ್ಕಿ ಬಿಟ್ರ ಬ್ಯಾರೆ ಏನೂ ಇರೂದಿಲ್ಲ. ಹೆಬ್ಬಾತು ಇವತ್ತ ಯಾರ ಕಡ್ಲಿ ಹೊಲಕ್ಕ ಮೇಯಾಕ ಇಳದುವು, ಅಂಥಾವ ಸುದ್ದಿ. ನಿನ್ನೆ ಲಕ್ಷ್ಮೇಶ್ವರದಿಂದ ಸೋಮೇಶ ಮಾವಾರು ಬಂದು, ಚಾ ಕುಡ್ಕೋತ ಉಪದೇಶ ಚಾಲೂ ಮಾಡಿದ್ರು.

“ಏ ಕಾಂಚನಾ, ಬಂಗಾರದ ರೇಟು ಹಾಕು, ರಾಶಿಭವಿಷ್ಯ ಹಾಕು. ಮಂದಿ ಮುಗಿಬೀಳ್ತಾರ.”

“ಹಾಕೂದಿಲ್ರಿ.”

“ನಮ್ಮ ಶೃತಿ ಮದುವಿ ಫೋಟೋ ಕಳಿಸಿದ್ನಲ್ಲ, ಅದನ್ನರ ಹಾಕು!”

“ಶೃತಿಗೆ ರೆಕ್ಕಿ ಬಂದಾವೇನ್ರಿ ಮಾವಾ?”

ಅಡಗಿಮನ್ಯಾಗಿಂದ ಅವ್ವ ಜೋರಾಗಿ ಕೆಮ್ಮಿದಳು. ಮಾವಾರ ಮುಖ ಕೆಂಪಾತು.

“ಬ್ಯಾಸಗ್ಯಾಗ ಹಕ್ಕಿ ಎಲ್ಲಾ ಹೊಂಟು ಹೋಗ್ತಾವಲ್ಲ, ಆವಾಗೇನು ಬರೀತಿ?”

“ಖಾಲಿ ಕೆರಿ ಬಗ್ಗೆ ಬರೀತೇನ್ರಿ. ಹಕ್ಕಿ ಇಲ್ಲ ಅನ್ನೂ ಖಬರಿಗೂ ಮಂದಿ ನನ್ನ ಕಡೇನ ಬರಬೇಕು.”