ಕೊಡಬಹುದು, ಮಾರುವಂತಿಲ್ಲ

“ಅವ್ವ, ಈ ಸೀಸೆ ನಾನು ನೋಡಿಲ್ಲ, ನೀವೂ ತಂದಿಲ್ಲ. ಹೋಗಿ ಹೊಳೆಗೆ ಸುರಿದು ಬನ್ನಿ,” ಎಂದು ಗಡಿಯ ಪೊಲೀಸಿನವಳು ಮುಖ ತಿರುಗಿಸಿ ನಿಂತಳು.

ಸೀಸೆ ಹಿಡಿದುಕೊಂಡು ಸೇತುವೆಯ ಪಕ್ಕದಲ್ಲಿ ಮಾಟುಮೆಲೊ ನೀರಿಗಿಳಿದಳು. ಈಚೆ ದಡ ಲೆಸೊಥೊ, ಆಚೆ ದಡ ದಕ್ಷಿಣ ಆಫ್ರಿಕ. ಬೆಟ್ಟದ ಮೇಲಿನ ಅವಳ ಊರಿನಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಗಾಂಜಾ ಬೆಳೆಯದ ಮನೆಯೇ ಇರಲಿಲ್ಲ. ಆದರೂ ಪರವಾನಗಿ ಸಿಗುತ್ತಿದ್ದದ್ದು ಎತ್ತರದ ಬೇಲಿ ಹಾಕಿಕೊಂಡ ಕಂಪನಿಗಳಿಗೆ. ಆಚೆ ದಡದಲ್ಲಿ ಸ್ವಂತಕ್ಕೆಂದು ಹಿತ್ತಿಲಲ್ಲಿ ಬೆಳೆದುಕೊಂಡರೆ ಯಾರೂ ಕೇಳುವುದಿಲ್ಲ. ಸೇತುವೆ ದಾಟಿಸಿದರೆ ಮಾತ್ರ ಎರಡೂ ಕಡೆ ಜೈಲು. ತಂಗಿಯ ನೋವಿಗೆಂದು ಗಾಂಜಾ ಹಾಕಿ ಕಾಸಿ ತಂದ ಎಣ್ಣೆ ನೀರಿನ ಮೇಲೆ ಹಸಿರಾಗಿ ಹರಡಿ ಹೋಯಿತು. ಜೈಲಿಗೆ ಕಳಿಸಬಹುದಾಗಿದ್ದವಳು ಹೊಳೆಗೆ ಕಳಿಸಿದಳಲ್ಲ ಎಂದು ಮಾಟುಮೆಲೊ ಅಳುತ್ತಲೇ ಅವಳಿಗೆ ಕೈಮುಗಿದು ದಾಟಿದಳು.

ಆಚೆ ದಡದ ಊರಿನಲ್ಲಿದ್ದ ತಂಗಿ ಪುಸೆಲೆಟ್ಸೊಗೆ ಮೂಳೆಯ ಕ್ಯಾನ್ಸರ್. ಆಸ್ಪತ್ರೆಯ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬರಿಗೈಯಲ್ಲಿ ಬಂದ ಅಕ್ಕನನ್ನು ಕಂಡು ಅವಳು ನಗಲು ನೋಡಿದಳು, ಆಗಲಿಲ್ಲ. ಮಾಟುಮೆಲೊ ಹಿತ್ತಿಲಿಗೆ ಹೋಗಿ, ಯಾರಿಗೂ ಕೇಳಬಾರದೆಂದು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ತಗಡಿನ ಬೇಲಿಯಾಚೆಗೆ ಅದು ಕೇಳಿಸಿತು. ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದ ಪಕ್ಕದ ಮನೆಯ ರಾಮೊಹಾಪಿ ಏನಾಯಿತೆಂದು ವಿಚಾರಿಸಿದ. ಒಳಗೆ ಹೋದವನು ತನ್ನ ಹಿತ್ತಿಲ ಗಾಂಜಾ ಗಿಡದ ಒಣಗಿಸಿದ ಮೊಗ್ಗುಗಳನ್ನು ಒಂದು ಬೋಗುಣಿಯಲ್ಲಿ ತಂದು ಬೇಲಿಯ ಮೇಲಿಂದ ಚಾಚಿದ.

ಅವಳು ದುಡ್ಡಿನ ಗಂಟಿಗೆ ಕೈ ಹಾಕಿದಳು.

“ದುಡ್ಡು ಮುಟ್ಟಿದ್ರೆ ನಾನು ವ್ಯಾಪಾರಿ ಆಗ್ಬಿಡ್ತೀನಿ ಅಕ್ಕ. ಇಲ್ಲಿ ಕೊಡಬಹುದು, ಮಾರೋ ಹಾಗಿಲ್ಲ.”

ಅವಳು ಹೆಗಲ ಮೇಲಿನ ಕಂಬಳಿ ತೆಗೆದಳು. ಮದುವೆಯಲ್ಲಿ ಹೊದಿಸಿದ್ದು ಅದು.

“ಅದೂ ಬೆಲೇನೇ. ಈ ವಯಸ್ಸಲ್ಲಿ ನನ್ನ ಜೈಲಿಗೆ ಕಳಿಸ್ಬೇಕು ಅಂತಿದ್ಯಾ? ಅಲ್ಲಿ ಗಂಜಿ ಭಾಳ ನೀರಂತೆ.”

“ಹಾಗಾದ್ರೆ ನಾನೇನು ಕೊಡ್ಲಿ, ತಮ್ಮಾ?”

“ಒಲೆ ಹಚ್ಚು ಹೋಗು.”

ಅವಳು ಕದಲಲಿಲ್ಲ. ಅವನ ಕುಲ ಯಾವುದೆಂದು ಕೇಳಿದಳು. ಬಟೌಂಗ್, ಸಿಂಹದ ಕುಲ ಎಂದ. ಮಾಟುಮೆಲೊ ಬೋಗುಣಿಯನ್ನು ಎದೆಗವಚಿಕೊಂಡು ನೆಟ್ಟಗೆ ನಿಂತು, ತನ್ನ ಅಜ್ಜಿಯಿಂದ ಕಲಿತ ಬಟೌಂಗರ ಕುಲದ ಹೊಗಳಿಕೆಯ ಪದವನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಅವನ ಮುತ್ತಜ್ಜಂದಿರನ್ನು ಹೆಸರು ಹಿಡಿದು ಕರೆದಳು, ಅವರ ಯುದ್ಧಗಳನ್ನು, ಅವರ ದನಗಳನ್ನು ಹಾಡಿದಳು. ತಾಯಿ ಸತ್ತ ಮೇಲೆ ಅದನ್ನು ಕೇಳಿರದ ರಾಮೊಹಾಪಿ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದ.

ಸಂಜೆ, ಆ ಮೊಗ್ಗುಗಳನ್ನು ಹಾಕಿ ಅಕ್ಕ ಕಾಸಿದ ಎಣ್ಣೆ ನೆಕ್ಕಿದ ಮೇಲೆ, ಪುಸೆಲೆಟ್ಸೊ ಅರ್ಧ ಬಟ್ಟಲು ಗಂಜಿ ಕುಡಿದಳು, ಅದು ಹೊಟ್ಟೆಯಲ್ಲಿ ಉಳಿಯಿತು. ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಹಗಲೆಲ್ಲ ಹಾಸಿಗೆಯನ್ನು ಹಿಡಿದು ಹಿಂಡುತ್ತಿದ್ದ ಅವಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಅಕ್ಕ ನೋಡುತ್ತ ಕೂತಳು.