ಬೀಳದ ಬಸ್ಸುಗಳ ಸುದ್ದಿ

ಟೀವಿಗೆ ಹದಿನೆಂಟು ಸಾವಿರ. ಅದನ್ನು ಗೋಡೆಗೆ ಕೂರಿಸಿದವನಿಗೆ ನಾನೂರು, ಜೊತೆಗೆ ಮೀನು ಸಾರಿನ ಊಟ. ಕೇಬಲ್ಲಿನವನಿಗೆ ತಿಂಗಳಿಗೆ ಮುನ್ನೂರು, ಕರೆಂಟು ಬೇರೆ. ಇಷ್ಟೆಲ್ಲ ಖರ್ಚು ಮಾಡಿಸಿದ ಮೇಲೆ ಹೆದರಿಕೆಯನ್ನು ಮಾತ್ರ ಪುಕ್ಕಟೆ ಕೊಟ್ಟರು. ಆ ಪುಕ್ಕಟೆ ಮಾಲಿನ ಬೆಲೆ ನಮಗೆ ತಿಳಿಯುವಷ್ಟರಲ್ಲಿ ಮಗನ ಎರಡು ದಿನದ ಸಂಬಳ ಹೋಗಿತ್ತು. ಕೆಲಸವೂ ಹೋಗುವುದರಲ್ಲಿತ್ತು.

ಮಗ ಪ್ರಜೀಶ್ ಪಯ್ಯನ್ನೂರಿನಿಂದ ಚೆರುಪುಳಕ್ಕೆ ಓಡುವ ‘ಪೊನ್ನೂಸ್’ ಬಸ್ಸಿನ ಡ್ರೈವರ್. ಸೊಸೆ ಷೈಜ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮೊಮ್ಮಗಳು ನಿವೇದ್ಯ ಒಂದನೇ ಕ್ಲಾಸು. ಇನ್ನುಳಿದವರು ನಾನು ಮತ್ತು ನನ್ನ ಗಂಡ ಅಂಬು. ಟೀವಿ ಬಂದದ್ದು ಅವರಿಗಾಗಿ. ಅವರಿಗೆ ಸುದ್ದಿ ಬೇಕು. ಅನ್ನ ಒಂದು ಹೊತ್ತು ತಡವಾದರೂ ನಡೆಯುತ್ತದೆ, ಏಳು ಗಂಟೆಯ ಸುದ್ದಿ ತಡವಾದರೆ ನಡೆಯುವುದಿಲ್ಲ.

ಅದಕ್ಕೆ ಕಾರಣವಿದೆ. ನಾವಿಬ್ಬರೂ ಬೀಡಿ ಕೆಲಸದಲ್ಲಿದ್ದವರು. ನಾನು ಬೀಡಿ ಸುತ್ತಿದವಳು, ಅವರು ಓದಿದವರು. ನಮ್ಮ ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಉಳಿದವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಾ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ನಾವೆಲ್ಲ ಹಂಚಿಕೊಂಡು ಸುತ್ತಿಕೊಡಬೇಕು. ಓದುವವನನ್ನು ಆರಿಸುತ್ತಿದ್ದವರೂ ನಾವೇ, ಕೈ ಎತ್ತಿ. ಅಂಬು ಅವರ ಧ್ವನಿಗೆ ನಾನು ಎರಡೂ ಕೈ ಎತ್ತಿದೆ ಎಂದು ಗೆಳತಿಯರು ಇವತ್ತಿಗೂ ಛೇಡಿಸುತ್ತಾರೆ. ಮದುವೆಯಾಗಿ ಮನೆಗೆ ಬಂದ ಮೇಲೂ ಆ ಧ್ವನಿ ನಿಲ್ಲುವುದಿಲ್ಲ ಎಂದು ಆಗ ಯಾರು ಕಂಡಿದ್ದರು.

ಸುದ್ದಿ ಕೇಳದವನು ಬಾವಿಯ ಕಪ್ಪೆ ಎಂಬುದು ಅವರ ನಂಬಿಕೆ. ಮೊಮ್ಮಗಳು ಕಪ್ಪೆಯಾಗಬಾರದಲ್ಲ. ಹಾಗಾಗಿ ದಿನಾ ಏಳಕ್ಕೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವಳಿಗೆ ಒಂದು ಬಟ್ಟಲು ಅವಲಕ್ಕಿ, ಅವರಿಗೆ ಒಂದು ಲೋಟ ಹಾಲಿಲ್ಲದ ಕಟ್ಟನ್ ಚಹಾ, ಇಬ್ಬರಿಗೂ ಲೋಕದ ಸಂಕಟ.

ಹೀಗಿರುವಾಗ ಎಲ್ಲೋ ದೂರದ ಘಾಟಿಯಲ್ಲಿ ಒಂದು ಬಸ್ಸು ಕಂದಕಕ್ಕೆ ಬಿತ್ತು. ಯಾವುದೋ ಅಂಗಡಿಯ ಕ್ಯಾಮೆರಾದಲ್ಲಿ ಅದು ಬೀಳುವುದು ಸಿಕ್ಕಿತ್ತು. ಟೀವಿಯವರಿಗೆ ಹಬ್ಬ. ಬಸ್ಸಿನ ಸುತ್ತ ಕೆಂಪು ಉಂಗುರ, ಮೇಲೊಂದು ಬಾಣ, ಹಿಂದೆ ಢಂ ಢಂ ಎಂಬ ಸದ್ದು. ಬಸ್ಸು ಬೀಳುತ್ತದೆ, ರಸ್ತೆಯ ಮೇಲೆ ಒಂದು ಚಪ್ಪಲಿ ಕಾಣುತ್ತದೆ, ಒಬ್ಬ ಹೆಂಗಸು ಅಳುತ್ತಾಳೆ, ಮತ್ತೆ ಬಸ್ಸು ಬೀಳುತ್ತದೆ. ನಡುವೆ ಸಾಬೂನಿನ ಜಾಹೀರಾತು. ಅದು ಮುಗಿದರೆ ಮತ್ತೆ ಬಸ್ಸು. ವಾರವಿಡೀ ಇದೇ. ನಮಗೆ ಬೇಜಾರು ಬಂದು ನಾವು ಎದ್ದು ಹೋದೆವು. ಹುಡುಗಿ ಎದ್ದು ಹೋಗಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಪ್ರಜೀಶನ ಖಾಕಿ ಅಂಗಿ ಕಾಣೆಯಾಯಿತು. ಮನೆಯೆಲ್ಲ ತಡಕಿದ ಮೇಲೆ ಅಕ್ಕಿ ಡಬ್ಬದೊಳಗೆ ಸಿಕ್ಕಿತು, ಅಕ್ಕಿಯ ಅಡಿಯಲ್ಲಿ. ಮೊದಲ ಟ್ರಿಪ್ಪು ತಪ್ಪಿತು. ಬದಲಿ ಡ್ರೈವರ್ ಹತ್ತಿದವನು ಸಂಜೆವರೆಗೂ ಇಳಿಯಲಿಲ್ಲ. ನಾವೆಲ್ಲ ನಕ್ಕೆವು. ಎರಡು ದಿನ ಬಿಟ್ಟು ಚಪ್ಪಲಿ ಕಾಣೆಯಾಯಿತು. ಬರಿಗಾಲಲ್ಲೇ ಹೊರಟವನ ಕಾಲಿಗೆ ಮಗಳು ಹಲಸಿನ ಅಂಟಿನ ಹಾಗೆ ಅಂಟಿಕೊಂಡಳು. ಬಿಡಿಸಿದರೆ ಉಸಿರು ಕಟ್ಟಿ ಅಳು. ಆ ದಿನದ ಕೆಲಸವೂ ತಪ್ಪಿತು. ಬಸ್ಸಿನ ಮಾಲೀಕ ಫೋನು ಮಾಡಿ, ಇನ್ನೊಂದು ಸಲ ಹೀಗಾದರೆ ಬದಲಿಯವನನ್ನೇ ಖಾಯಂ ಮಾಡುತ್ತೇನೆ ಎಂದ. ಆಮೇಲೆ ಯಾರೂ ನಗಲಿಲ್ಲ.

ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ನಾನು ಸುಮ್ಮನೆ ಕೇಳಿದೆ. ಬೈದು ಕೇಳಿದರೆ ಮಕ್ಕಳು ಸುಳ್ಳು ಹೇಳುತ್ತಾರೆ, ಎಣ್ಣೆ ಹಚ್ಚುತ್ತಾ ಕೇಳಿದರೆ ನಿಜ ಬರುತ್ತದೆ.

“ಅಚ್ಛನ ಅಂಗಿ ಅಕ್ಕಿಗೆ ಯಾಕೆ ಹಾಕ್ದೆ ಮೋಳೇ?”

“ಬಸ್ಸು ಎಲ್ಲಾ ಬೀಳ್ತಾ ಇದೆ ಅಚ್ಚಮ್ಮ.”

“ಎಷ್ಟು ಬಿದ್ದಿದೆ?”

“ನೂರು. ಅಲ್ಲ, ನೂರಕ್ಕಿಂತ ಜಾಸ್ತಿ. ದಿನಾ ಬೀಳುತ್ತೆ. ಸಾಬೂನು ಬಂದು ಹೋದ್ಮೇಲೂ ಬೀಳುತ್ತೆ. ಎಲ್ಲಾ ಕೆಂಪು ಬಸ್ಸೇ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಪೊನ್ನೂಸೂ ಕೆಂಪು.”

ನನ್ನ ಕೈ ನಿಂತಿತು. ನಾವು ನೋಡಿದ್ದು ಒಂದೇ ಬಸ್ಸನ್ನು ನೂರು ಸಲ. ಅವಳು ನೋಡಿದ್ದು ನೂರು ಬಸ್ಸುಗಳನ್ನು.

ಸಂಜೆ ಗಂಡನಿಗೆ ಹೇಳಿದೆ. ಮಗು ಮಲಗುವವರೆಗೆ ಸುದ್ದಿ ಹಾಕಬೇಡಿ ಎಂದೆ. ಅವರು ಚಹಾ ಲೋಟ ಕೆಳಗಿಟ್ಟು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ನಾನು ಪೊಲೀಸರ ಕಡೆ ಸೇರಿದ ಹಾಗೆ. ಸುದ್ದಿ ಮುಚ್ಚಿಡುವುದು ರಾಜರ ಕೆಲಸ, ಜನರ ಕೆಲಸವಲ್ಲ ಎಂದರು. ಷೈಜ ರಿಮೋಟನ್ನು ಹೊಲಿಗೆ ಮಷಿನ್ನಿನ ಖಾನೆಯಲ್ಲಿ ಬಚ್ಚಿಟ್ಟಳು. ಅವರು ಟೀವಿಯ ಹಿಂದೆ ಕೈ ಹಾಕಿ ಗುಂಡಿ ಒತ್ತಿದರು. ದೀಪ ಹಚ್ಚಿದಾಗ ಟೀವಿ ಹಾಕಬಾರದು ಎಂದು ನಾನು ದೇವರ ಮುಂದಿನ ನಿಲವಿಳಕ್ಕಿಗೆ ಮೂರು ಹೊತ್ತಿಗಾಗುವಷ್ಟು ಎಣ್ಣೆ ಸುರಿದೆ. ದೀಪಕ್ಕೂ ಟೀವಿಗೂ ಹಗೆಯಿಲ್ಲ ಎಂದು ದೇವರನ್ನು ನಂಬದ ನನ್ನ ಗಂಡ ಆ ದೀಪದ ಬೆಳಕಿನಲ್ಲೇ ಕೂತು ಸುದ್ದಿ ನೋಡಿದರು. ಫ್ಯೂಸ್ ಕಿತ್ತೆ, ಕೀಳುವಾಗ ಅದು ಒಡೆಯಿತು. ಮೊಮ್ಮಗಳ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ನೋಡಿ ಬಂದರು.

ಎಣ್ಣೆಯೂ ಹೋಯಿತು, ಫ್ಯೂಸೂ ಹೋಯಿತು. ಆಗ ನನಗೆ ಬುದ್ಧಿ ಬಂತು. ಇವರ ಜೊತೆ ಜಗಳವಾಡಿ ಗೆದ್ದವರಿಲ್ಲ. ಆದರೆ ಇವರು ಜೀವಮಾನದಲ್ಲಿ ಒಂದು ಮೀಟಿಂಗಿಗೂ ಬರುವುದಿಲ್ಲ ಎಂದವರಲ್ಲ.

“ನಾಳೆ ಭಾನುವಾರ ನಾಲ್ಕು ಗಂಟೆಗೆ ಮನೆಯವರ ಸಭೆ,” ಎಂದೆ. “ವಿಷಯ, ಸುದ್ದಿ.”

ಅವರ ಮುಖ ಅರಳಿತು. ಅಧ್ಯಕ್ಷರು ಯಾರು ಎಂದು ಕೇಳಿದರು. ನೀವೇ ಎಂದೆ.

ಸಭೆಗೆ ಬೇಳೆ ವಡೆ, ಕಟ್ಟನ್ ಚಹಾ ಮಾಡಿದೆ. ಅದಿಲ್ಲದೆ ಮಾಡಿದ ನಿರ್ಣಯ ನಮ್ಮೂರಲ್ಲಿ ನಿಲ್ಲುವುದಿಲ್ಲ. ಅಧ್ಯಕ್ಷರು ಇಸ್ತ್ರಿ ಮಾಡಿದ ಮುಂಡು ಉಟ್ಟು ಬಂದರು. ಪ್ರಜೀಶ್, ಷೈಜ ಚಾಪೆಯ ಮೇಲೆ. ನಿವೇದ್ಯ ಅಪ್ಪನ ಕಾಲು ಹಿಡಿದುಕೊಂಡೇ ಕೂತಳು. ನಾನು ಎದ್ದು ನಿಂತೆ, ಯೂನಿಯನ್ ಸಭೆಯಲ್ಲಿ ನಿಲ್ಲುವ ಹಾಗೆ.

“ಅಧ್ಯಕ್ಷರಿಗೆ ಒಂದು ಪ್ರಶ್ನೆ. ಶೆಡ್ಡಲ್ಲಿ ಒಂದು ಸುದ್ದೀನ ಎಷ್ಟು ಸಲ ಓದ್ತಿದ್ರಿ?”

“ಒಂದು ಸಲ.”

“ಇನ್ನೊಂದು ಸಲ ಓದಿದ್ರೆ?”

“ನೀವು ಸುಮ್ನಿರ್ತಿದ್ರಾ? ಮುಖಕ್ಕೆ ತಂಬಾಕು ಬೀಳ್ತಿತ್ತು. ನೀನೇ ಎಸೀತಿದ್ದೆ ಮೊದ್ಲು.”

“ಸರಿ. ಅಳಿವೆಯಲ್ಲಿ ದೋಣಿ ಮುಳುಗಿದ ದಿನ ನೆನಪಿದೆಯಾ?”

ಆ ದಿನದ ಪತ್ರಿಕೆಯಲ್ಲಿ ಸತ್ತವರ ಹೆಸರುಗಳಿದ್ದವು. ನನ್ನ ಪಕ್ಕ ಕೂತು ಬೀಡಿ ಸುತ್ತುತ್ತಿದ್ದ ಲೀಲೆಯ ತಮ್ಮನ ಹೆಸರೂ ಇತ್ತು. ಇವರು ಆ ಪುಟಕ್ಕೆ ಬಂದವರು ಒಂದು ಗಳಿಗೆ ನಿಂತು, ಹಾಳೆ ಮಗುಚಿ, ಕೊಬ್ಬರಿಯ ಧಾರಣೆ ಓದಿದರು. ಅಷ್ಟು ನಿಧಾನವಾಗಿ ಕೊಬ್ಬರಿ ಧಾರಣೆ ಓದಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ.

“ಅವತ್ತು ಸುದ್ದಿ ಮುಚ್ಚಿಟ್ರಾ?” ಎಂದೆ.

“ಮುಚ್ಚಿಡ್ಲಿಲ್ಲ.” ಅವರ ದನಿ ಇಳಿದಿತ್ತು. “ಚಹಾ ಹೊತ್ತಿಗೆ ಪಕ್ಕ ಕೂತು ಹೇಳ್ದೆ. ಮನೆ ತನಕ ಜೊತೆಗೆ ಹೋದೆ.”

“ನಾನು ಕೇಳೋದೂ ಅಷ್ಟೇ. ಈ ಟೀವಿಯವನಿಗೆ ಪಕ್ಕ ಕೂರೋಕೆ ಬರಲ್ಲ.”

ಮತಕ್ಕೆ ಹಾಕಿದರು. ಮಗು ಮಲಗುವವರೆಗೆ ಟೀವಿಯಲ್ಲಿ ಸುದ್ದಿ ಬೇಡ ಎಂಬುದಕ್ಕೆ ಷೈಜ ಕೈ ಎತ್ತಿದಳು, ಪ್ರಜೀಶ್ ಎತ್ತಿದ, ನಾನು ಎತ್ತಿದೆ. ಈ ಸಲ ಒಂದೇ ಕೈ. ನಿವೇದ್ಯ ಎತ್ತಲಿಲ್ಲ.

ಅಧ್ಯಕ್ಷರಿಗೆ ಜೀವ ಬಂತು. ಕಿರಿಯ ಸದಸ್ಯರಿಗೆ ವಿರೋಧ ಇದ್ದ ಹಾಗಿದೆ, ಕಾರಣ ಹೇಳಬಹುದು ಎಂದರು.

“ಟೀವಿ ಹಾಕ್ದಿದ್ರೆ,” ಎಂದಳು ಅವಳು, “ಅಚ್ಛನ ಬಸ್ಸು ಬಿತ್ತಾ ಇಲ್ವಾ ಅಂತ ನಂಗೆ ಹೇಗೆ ಗೊತ್ತಾಗತ್ತೆ?”

ಷೈಜ ಸೆರಗು ಬಾಯಿಗಿಟ್ಟುಕೊಂಡಳು. ಟೀವಿ ಮುಚ್ಚಿದರೆ ಹೆದರಿಕೆಯೂ ಮುಚ್ಚುತ್ತದೆ ಎಂದುಕೊಂಡಿದ್ದೆ. ಈ ಕೂಸು ಅವಲಕ್ಕಿ ತಿನ್ನುತ್ತಾ ಅಷ್ಟು ದಿನ ಅಲ್ಲಿ ಕೂತದ್ದು ಅಪ್ಪನನ್ನು ಕಾಯುವುದಕ್ಕೆ. ಮೂರು ಮತದಲ್ಲಿ ಗೆದ್ದಿದ್ದೆ, ಆದರೂ ಸೋತ ಹಾಗಾಯಿತು.

ಗಂಡ ಕನ್ನಡಕ ತೆಗೆದು ಮುಂಡಿನ ತುದಿಯಲ್ಲಿ ಒರೆಸಿದರು. ಒರೆಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ನಿಂಗೆ ಯಾವ ಸುದ್ದಿ ಬೇಕು ಹೇಳು,” ಎಂದರು. “ಶೆಡ್ಡಲ್ಲಿ ಕೇಳೋರು ಹೇಳಿದ್ದನ್ನ ನಾನು ಓದ್ಲೇಬೇಕಿತ್ತು.”

ಅವಳು ಯೋಚಿಸಿ ಹೇಳಿದಳು. “ಬೀಳದ ಬಸ್ಸಿಂದು.”

ಅಂಥ ಸುದ್ದಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಹಾಗಾಗಿ ಮಾರನೆಯ ದಿನ ಶಾಲೆಗೆ ರಜೆ ಹಾಕಿಸಿ ಅಜ್ಜ ಮೊಮ್ಮಗಳು ಸುದ್ದಿ ತರಲು ಹೊರಟರು. ಪ್ರಜೀಶ್ ಅಂದು ಕೆಲಸಕ್ಕೆ ಹೋಗುವುದಕ್ಕೆ ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ತಾನು ನಿಲ್ದಾಣದಲ್ಲಿ ಕೂತು ನೋಡುತ್ತೇನೆ ಎಂದು. ನಾನು ಒಂದು ಖಾಲಿ ಡಬ್ಬ ಕೊಟ್ಟೆ, ಹಿತ್ತಲಿನ ಮಂಜಾಡಿ ಮರದ ಕೆಂಪು ಕಾಳು ಒಂದು ಚೀಲ ಕೊಟ್ಟೆ. ಒಂದು ಬಸ್ಸು ನೆಟ್ಟಗೆ ಬಂದು ನಿಂತರೆ ಡಬ್ಬಕ್ಕೆ ಒಂದು ಕಾಳು.

ಪಯ್ಯನ್ನೂರು ನಿಲ್ದಾಣದ ಕಟ್ಟೆಯ ಮೇಲೆ ಅಜ್ಜ ಮೊಮ್ಮಗಳು ಹಗಲೆಲ್ಲ ಕೂತರಂತೆ. ಏನು ಹರಕೆಯೋ ಎಂದು ಜನ ಕೇಳಿದರಂತೆ. ಕಡಲೆಕಾಯಿ ಮಾರುವವನು ಪಕ್ಕ ಕೂತು, ಎರಡು ಬಸ್ಸು ಎಣಿಸದೆ ಬಿಟ್ಟೆ ನೋಡು ಮೋಳೇ ಎಂದು ತಾನೇ ಕಾಳು ಹಾಕಿದನಂತೆ. ಪೊನ್ನೂಸ್ ಬಂದಾಗಲೆಲ್ಲ ಅವಳು ಎರಡು ಕಾಳು ಹಾಕಿದ್ದನ್ನು ಅಜ್ಜ ಕಂಡೂ ಕಾಣದ ಹಾಗಿದ್ದರಂತೆ.

ಅಂದು ಸಂಜೆ ಏಳಕ್ಕೆ ಟೀವಿಯ ಮೇಲೆ ಷೈಜಳ ಹಳೆಯ ಸೀರೆ ಬಿದ್ದಿತ್ತು. ಪ್ರಜೀಶ್ ಬಂದು ಕೂತಿದ್ದ. ನಾನು ಅಕ್ಕಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸಲು ಕೂತೆ. ಗಂಡ ಗಂಟಲು ಸರಿಮಾಡಿಕೊಂಡರು. ನಾನು ಎರಡು ಕೈ ಎತ್ತಿದ ಧ್ವನಿ ಅದೇ.

“ಪಯ್ಯನ್ನೂರು. ಇವತ್ತು ನಿಲ್ದಾಣಕ್ಕೆ ಬಂದ ಬಸ್ಸುಗಳು ಇಷ್ಟು.” ನಿವೇದ್ಯ ಡಬ್ಬವನ್ನು ಚಾಪೆಯ ಮೇಲೆ ಸುರಿದಳು. ಕೆಂಪು ರಾಶಿ ಜರ್ರೆಂದು ಹರಡಿತು. “ಬಿದ್ದದ್ದು ಒಂದೂ ಇಲ್ಲ. ಒಂದರ ಚಕ್ರದ ಗಾಳಿ ಹೋಗಿತ್ತು. ಒಬ್ಬ ಕಂಡಕ್ಟರ್ ಚಿಲ್ಲರೆಗಾಗಿ ಜಗಳ ಆಡಿದ. ಪೊನ್ನೂಸ್ ಬಸ್ಸು ಪ್ರತಿ ಸಲವೂ ತಡ. ಡ್ರೈವರ್ ಎತ್ತಿನಗಾಡಿ ಹೊಡೆಯುತ್ತಾನೆ ಎಂದು ಪ್ರಯಾಣಿಕರ ದೂರು.”

“ಇದು ಸುಳ್ಳು ವರದಿ,” ಎಂದ ಪ್ರಜೀಶ್.

“ನಿಜ ಅಚ್ಛ. ನಾನೇ ಕೇಳ್ದೆ,” ಎಂದಳು ಮಗಳು. ವಾರದ ನಂತರ ಮೊದಲ ಸಲ ಅವಳು ನಕ್ಕಳು.

ಆಮೇಲೆ ಅವರು ಚೀಲದಿಂದ ಒಂದೇ ಕಾಳು ತೆಗೆದು ರಾಶಿಯಿಂದ ದೂರ ಇಟ್ಟರು. ಪತ್ರಿಕೆಯ ಧ್ವನಿ ಬಿಟ್ಟು ಅವಳ ಪಕ್ಕಕ್ಕೆ ಸರಿದು ಕೂತರು.

“ಟೀವಿಯಲ್ಲಿ ಬಿದ್ದದ್ದು ಇದು. ಒಂದು ಬಸ್ಸು. ಅದರಲ್ಲಿದ್ದ ಕೆಲವರು ಸತ್ತುಹೋದ್ರು. ಅದು ದುಃಖದ ವಿಷ್ಯ.”

“ಒಂದೇನಾ? ಮತ್ತೆ ಮತ್ತೆ ಬಿತ್ತಲ್ಲ?”

“ಬಿದ್ದದ್ದು ಒಂದು ಸಲ. ತೋರಿಸಿದ್ದು ನೂರು ಸಲ. ಅವರು ತಂಬಾಕು ಎಸೆಯೋರ ಎದುರು ಓದಿದವರಲ್ಲ.”

ಅವಳು ಆ ಕಾಳನ್ನೂ ರಾಶಿಯನ್ನೂ ಬಹಳ ಹೊತ್ತು ನೋಡಿದಳು. ನಂತರ ಒಂಟಿ ಕಾಳನ್ನು ಎತ್ತಿ ನಿಲವಿಳಕ್ಕಿನ ಬುಡದಲ್ಲಿಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ. ದೇವರಿಲ್ಲ ಎನ್ನುವ ಅಜ್ಜ ಅದನ್ನು ಅಲ್ಲೇ ಇರಗೊಟ್ಟರು.

ಮರುದಿನ ಬೆಳಿಗ್ಗೆ ಖಾಕಿ ಅಂಗಿಯನ್ನು ಅವಳೇ ತಂದುಕೊಟ್ಟಳು. ಕೊಡುವಾಗ ಒಂದು ಮಾತು ಹೇಳಿದಳು.

“ತಡವಾಗೇ ಬಾ ಅಚ್ಛ. ಬೇಗ ಬರ್ಬೇಡ.”

ಈಗ ಏಳು ಗಂಟೆಗೆ ನಮ್ಮಲ್ಲಿ ಓದುವುದು ನಡೆಯುತ್ತದೆ. ಒಂದು ಸುದ್ದಿ ಒಂದು ಸಲ. ಕೆಟ್ಟದ್ದೂ ಇರುತ್ತದೆ, ಆದರೆ ಅದನ್ನು ಪಕ್ಕ ಕೂತು ಹೇಳುತ್ತಾರೆ. ಮಗು ಮಲಗಿದ ಮೇಲೆ ಟೀವಿಯ ಸೀರೆ ಸರಿಸಿ, ಸದ್ದಿಲ್ಲದೆ ಚರ್ಚೆ ನೋಡುತ್ತಾರೆ. ಸದ್ದಿಲ್ಲದಿದ್ದರೆ ಎಲ್ಲರೂ ಒಂದೇ ಪಕ್ಷದವರ ಹಾಗೆ ಕಾಣುತ್ತಾರೆ ಎಂದು ಅವರ ದೂರು.

ಹೋದದ್ದು ಎರಡು ದಿನದ ಸಂಬಳ, ಒಂದು ಫ್ಯೂಸ್, ಅರ್ಧ ಬಾಟಲಿ ಎಣ್ಣೆ. ಉಳಿದದ್ದು ಮಗನ ಕೆಲಸ, ಮೊಮ್ಮಗಳ ನಿದ್ದೆ.